ಲೋಟಸ್: ಕೇಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು

ತಿಂಗಳಿಗೊಮ್ಮೆ ನಮ್ಮ ಮನೆಯ ಹಾಲ್‌ನಲ್ಲಿ ನಾಲ್ಕೈದು ಜನ ಸೇರಿ ಒಂದು ಆಲ್ಬಂ ಪೂರ್ತಿ ಕೇಳುತ್ತೇವೆ. ಮಾತಾಡಬಾರದು, ಮೊಬೈಲ್ ನೋಡಬಾರದು, ಅಷ್ಟೇ ಶರತ್ತು. ಅತಿ ಹೆಚ್ಚು ಪ್ರಶ್ನೆ ಮತ್ತು ಅತಿ ಹೆಚ್ಚು ಜಗಳ ಹುಟ್ಟಿಸಿದ್ದು ಸಂತಾನಾ ಎಂಬ ರಾಕ್ ಬ್ಯಾಂಡಿನ ‘ಲೋಟಸ್’, ಕಛೇರಿಯಲ್ಲೇ ರೆಕಾರ್ಡ್ ಮಾಡಿದ ಲೈವ್ ಆಲ್ಬಂ. ಕೂತಾಗ ಕೇಳಿದ್ದು, ಆಮೇಲೆ ಬರೆದು ಕೇಳಿದ್ದು, ಎಲ್ಲ ಸೇರಿಸಿ ಇಲ್ಲಿ ಉತ್ತರ ಹಾಕಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಬಿಟ್ಟಿದ್ದೇನೆ.

## ಮೊದಲ ಸಲ ಕೇಳುವವರಿಗೆ

ಸಂತಾನ ಅಂದ್ರೆ ಏನ್ರೀ, ನಮ್ಮ ‘ಸಂತಾನಪ್ರಾಪ್ತಿರಸ್ತು’ ಥರಾನಾ?

ಅಲ್ಲ. ಪ್ರತಿ ಸಲ ಯಾರಾದರೂ ಒಬ್ಬರು ಈ ಜೋಕ್ ಮಾಡೇ ಮಾಡುತ್ತಾರೆ. ಸಂತಾನಾ ಅನ್ನುವುದು ಕಾರ್ಲೋಸ್ ಸಂತಾನಾ ಎಂಬ ಗಿಟಾರ್ ವಾದಕರ ಮನೆತನದ ಹೆಸರು. ಹುಟ್ಟಿದ್ದು 1947ರಲ್ಲಿ, ಮೆಕ್ಸಿಕೋದ ಔತ್ಲಾನ್ ಎಂಬ ಊರಲ್ಲಿ. ಅಪ್ಪ ಮರಿಯಾಚಿ ಎಂಬ ಮೆಕ್ಸಿಕೋದ ಜನಪದ ಸಂಗೀತದ ತಂಡದಲ್ಲಿ ಪಿಟೀಲು ನುಡಿಸುತ್ತಿದ್ದರು. ಹುಡುಗ ತಿಹುವಾನಾದಲ್ಲಿ ಬೆಳೆದು, ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ಅಲ್ಲಿ ಬ್ಲೂಸ್ ಎಂಬ ಅಮೆರಿಕದ ಕಪ್ಪು ಜನರ ಸಂಗೀತದ ಹುಚ್ಚು ಹತ್ತಿಸಿಕೊಂಡ. 1969ರ ವುಡ್‌ಸ್ಟಾಕ್ ಸಂಗೀತ ಜಾತ್ರೆಯಲ್ಲಿ ನುಡಿಸಿದ ಮೇಲೆ ಬ್ಯಾಂಡು ರಾತ್ರೋರಾತ್ರಿ ಹೆಸರಾಯಿತು. ಬ್ಯಾಂಡಿನ ಹೆಸರೂ ಸಂತಾನಾನೇ. ಹಾಗಾಗಿ ಮನುಷ್ಯನ ಬಗ್ಗೆ ಹೇಳುವಾಗ ಕಾರ್ಲೋಸ್ ಅನ್ನುತ್ತೇನೆ, ಗೊಂದಲ ಬೇಡ.

ಲೋಟಸ್ ಎಲ್ಲಿ, ಯಾವಾಗ ರೆಕಾರ್ಡ್ ಆಗಿದ್ದು?

ಜಪಾನಿನ ಒಸಾಕಾದಲ್ಲಿ. 1973ರ ಜುಲೈ 3 ಮತ್ತು 4ರಂದು, ಕೋಸೇ ನೆನ್‌ಕಿನ್ ಕೈಕಾನ್ ಎಂಬ ಸಭಾಂಗಣದಲ್ಲಿ. ಮರುವರ್ಷ, 1974ರಲ್ಲಿ, ಸಿಬಿಎಸ್/ಸೋನಿ ಜಪಾನಿನಲ್ಲಿ ಮೂರು ಎಲ್‌ಪಿಗಳ ಸೆಟ್ಟಾಗಿ ಹೊರತಂದಿತು. ಒಟ್ಟು ಎರಡು ಗಂಟೆಯಷ್ಟು ಸಂಗೀತ.

ಲೈವ್ ಆಲ್ಬಂ ಅಂತೀರ, ಶುರುವಿನಲ್ಲಿ ಏನೂ ಕೇಳಿಸ್ತಾನೇ ಇಲ್ಲ. ನನ್ನ ಸಿಸ್ಟಂ ಕೆಟ್ಟಿದೆಯಾ?

ಕೆಟ್ಟಿಲ್ಲ, ವಾಲ್ಯೂಮ್ ಏರಿಸಬೇಡಿ. ಮೊದಲ ಟ್ರ್ಯಾಕಿನ ಹೆಸರೇ ‘ಮೆಡಿಟೇಷನ್’. ಸಾವಿರಾರು ಜನ ಟಿಕೆಟ್ ಕೊಟ್ಟು ಬಂದಿರುವ ರಾಕ್ ಕಛೇರಿ ಮೌನದಿಂದ ಶುರುವಾಗುತ್ತದೆ. ನಮ್ಮಲ್ಲಿ ಒಬ್ಬರು ಹೀಗೇ ವಾಲ್ಯೂಮ್ ಏರಿಸಿ, ಆಮೇಲೆ ಬ್ಯಾಂಡು ಪೂರ್ತಿ ನುಗ್ಗಿದಾಗ ಪಕ್ಕದ ಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದ್ದರು.

ಮೌನ ಆದಮೇಲೆ ‘ಗೋಯಿಂಗ್ ಹೋಮ್’ ಬರುತ್ತದೆ. ನಿಧಾನ, ಪ್ರಾರ್ಥನೆಯ ಹಾಗೆ. ಈ ರಾಗ ಎಲ್ಲೋ ಕೇಳಿದ್ದೇನೆ ಅನಿಸಿದರೆ ಸರಿಯಾಗಿಯೇ ಅನಿಸಿದೆ. 1893ರಲ್ಲಿ ಚೆಕ್ ಸಂಗೀತಗಾರ ದ್ವೊರ್ಝಾಕ್ ಬರೆದ ‘ನ್ಯೂ ವರ್ಲ್ಡ್’ ಸಿಂಫನಿಯ ನಿಧಾನದ ಭಾಗ ಅದು. ಅದನ್ನು ಈ ಬ್ಯಾಂಡಿಗಾಗಿ ಅಳವಡಿಸಿದ್ದು ಜಾಸ್ ಪಿಯಾನೋ ವಾದಕಿ ಆಲಿಸ್ ಕೋಲ್ಟ್ರೇನ್.

ಯಾರ್ಯಾರು ನುಡಿಸಿದ್ದಾರೆ?

ಗಿಟಾರ್ ಕಾರ್ಲೋಸ್. ಕೀಬೋರ್ಡಿಗೆ ಇಬ್ಬರು, ಟಾಮ್ ಕಾಸ್ಟರ್ ಮತ್ತು ರಿಚರ್ಡ್ ಕರ್ಮೋಡ್. ಬಾಸ್ ಡಗ್ ರಾಚ್. ಡ್ರಮ್ಸ್ ಮೈಕಲ್ ಶ್ರೀವ್. ಟಿಂಬಾಲೆಸ್ ಹೊಸೆ ‘ಚೆಪಿಟೋ’ ಆರೇಯಾಸ್, ಇವರು ನಿಕರಾಗುವಾದವರು. ಕಾಂಗಾ ಮತ್ತು ಬಾಂಗೋ ಅರ್ಮಾಂಡೋ ಪೆರಾಸಾ, ಹವಾನಾದಲ್ಲಿ ಹುಟ್ಟಿದ ಕ್ಯೂಬಾದವರು. ಈ ಮೂರೂ ಡೋಲುಗಳು, ಗುರುತಿಸುವುದು ಹೇಗೆ ಅಂತ ಮುಂದೆ ಬರುತ್ತದೆ. ಹಾಡುಗಾರಿಕೆ ಲಿಯಾನ್ ಥಾಮಸ್.

ವಯಸ್ಸು ನೋಡಿ, ಮಜಾ ಇದೆ. ಕಾರ್ಲೋಸ್‌ಗೆ ಇನ್ನೂ 26 ತುಂಬಿರಲಿಲ್ಲ. ಶ್ರೀವ್‌ಗೆ 24 ತುಂಬಲು ಎರಡು ದಿನ ಬಾಕಿ. ಪೆರಾಸಾಗೆ 49. ಜಾರ್ಜ್ ಶಿಯರಿಂಗ್, ಕಾಲ್ ಜೇಡರ್ ಥರದ ಜಾಸ್ ದೊಡ್ಡವರ ಜೊತೆ ನುಡಿಸಿ ಪಳಗಿದ ಕೈ ಅದು. ಹುಡುಗರು ಹುಚ್ಚು ಕುದುರೆ ಹತ್ತಿ ಓಡುವಾಗ ಲಗಾಮು ಯಾರ ಕೈಯಲ್ಲಿದೆ ಅಂತ ಎರಡನೇ ಸಲ ಕೇಳಿದಾಗ ಗೊತ್ತಾಗುತ್ತದೆ.

ಎರಡು ಗಂಟೆ ಕೂರೋಕೆ ಆಗಲ್ಲ, ಎಲ್ಲಿಂದ ಶುರು ಮಾಡಲಿ?

ಬ್ಯಾಂಡಿನ ಹಿಟ್ ಹಾಡು ‘ಓಯೆ ಕೋಮೋ ವಾ’ದಿಂದ ಶುರು ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳಲ್ಲ. ಗೊತ್ತಿರುವ ಹಾಡು ಹುಡುಕಿಕೊಂಡು ಹೋದರೆ ಈ ಆಲ್ಬಂ ಕೈಗೆ ಸಿಗುವುದಿಲ್ಲ. ಶುರುವಿನಿಂದಲೇ ಹಾಕಿ, ಅರ್ಧ ಗಂಟೆ ಕೇಳಿ, ನಿಲ್ಲಿಸಿ. ನಾಳೆ ಅಲ್ಲಿಂದ ಮುಂದೆ. ಹಾಡುಗಳ ನಡುವೆ ಗೋಡೆ ಇಲ್ಲ, ಒಂದರಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತಾರೆ. ಆ ಜಾರುವ ಜಾಗಗಳೇ ಇಲ್ಲಿನ ರುಚಿ. ಶಫಲ್ ಮಾತ್ರ ಹಾಕಬೇಡಿ, ದಯವಿಟ್ಟು.

## ಒಂದೆರಡು ಸಲ ಕೇಳಿದವರಿಗೆ

ಇದು ರಾಕಾ, ಜಾಸಾ, ಲ್ಯಾಟಿನ್ನಾ? ಒಂದು ಹೇಳಿ.

ಒಂದು ಹೇಳೋಕಾಗಲ್ಲ, ಆದರೆ ಬಿಡಿಸಿ ತೋರಿಸಬಹುದು. ಗಿಟಾರಿನ ದನಿ ರಾಕ್‌ನದು, ಆಂಪ್ಲಿಫೈಯರ್ ಏರಿಸಿ ಸ್ವರವನ್ನು ಎಳೆದು ನಿಲ್ಲಿಸುವುದು. ಕೆಳಗಿನ ತಾಳ ಕ್ಯೂಬಾ, ಬ್ರೆಜಿಲ್ ಕಡೆಯದು. ಹಾಡಿನ ಮೂಲ ಧಾಟಿ ಒಂದು ಸಲ ನುಡಿಸಿ, ಆಮೇಲೆ ಒಬ್ಬೊಬ್ಬರೂ ಸರದಿಯಂತೆ ಮನೋಧರ್ಮ ಬೆಳೆಸಿ ಕೊನೆಗೆ ಮತ್ತೆ ಧಾಟಿಗೆ ಮರಳುವ ಕ್ರಮ ಜಾಸ್‌ನದು.

ಮೊದಲ ಮೂರು ಆಲ್ಬಂಗಳಲ್ಲಿ ಲ್ಯಾಟಿನ್ ಮತ್ತು ರಾಕ್ ಜಾಸ್ತಿ. 1970ರ ‘ಆಬ್ರಾಕ್ಸಸ್’, 1971ರ ಮೂರನೇ ಆಲ್ಬಂ ಎರಡೂ ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋದವು. ಆಮೇಲೆ ಕಾರ್ಲೋಸ್ ಮತ್ತು ಶ್ರೀವ್ ಮೈಲ್ಸ್ ಡೇವಿಸ್, ಜಾನ್ ಕೋಲ್ಟ್ರೇನ್ ಅವರ ಜಾಸ್‌ನಲ್ಲಿ ಮುಳುಗಿಹೋದರು. 1972ರ ‘ಕ್ಯಾರವಾನ್‌ಸೆರಾಯ್’ನಲ್ಲಿ ಹಿಟ್ ಆಗುವಂಥ ಹಾಡೇ ಇರಲಿಲ್ಲ. ರೆಕಾರ್ಡ್ ಕಂಪನಿಯ ಮುಖ್ಯಸ್ಥ ಕ್ಲೈವ್ ಡೇವಿಸ್ ಇದು ನಿಮ್ಮ ವೃತ್ತಿಗೆ ನೀವೇ ಹಾಕಿಕೊಳ್ಳುವ ಉರುಳು ಎಂಬರ್ಥದಲ್ಲಿ ಎಚ್ಚರಿಸಿದರು ಅಂತ ಕಾರ್ಲೋಸ್ ಆಮೇಲೆ ಹೇಳಿಕೊಂಡಿದ್ದಾರೆ. ಹಳೆಯ ಗಾಯಕ ಗ್ರೆಗ್ ರೋಲಿ ಮತ್ತು ಎರಡನೇ ಗಿಟಾರಿನ ನೀಲ್ ಶಾನ್ ಹೊರಟು ‘ಜರ್ನಿ’ ಎಂಬ ಬೇರೆ ಬ್ಯಾಂಡು ಕಟ್ಟಿದರು.

ಲೋಟಸ್ ಸಿಕ್ಕುವುದು ಇದರ ಮರುವರ್ಷ. ಹಳೆಯ ಹಿಟ್‌ಗಳನ್ನು ಜನ ಕೇಳುತ್ತಿದ್ದಾರೆ, ಬ್ಯಾಂಡಿನ ಮನಸ್ಸು ಬೇರೆಲ್ಲೋ ಇದೆ. ಎರಡನ್ನೂ ಒಂದೇ ರಾತ್ರಿಯಲ್ಲಿ ನುಡಿಸಬೇಕು. ನನ್ನ ಮಟ್ಟಿಗೆ ಈ ಆಲ್ಬಂ ಇಷ್ಟು ಚೆನ್ನಾಗಿರೋದು ಈ ಎಳೆದಾಟದಿಂದಲೇ. ಪೂರ್ತಿ ಜಾಸ್‌ಗೆ ಹೋಗಿದ್ದರೆ ಬಿಸಿ ಇರುತ್ತಿರಲಿಲ್ಲ, ಬರೀ ಹಿಟ್ ನುಡಿಸಿದ್ದರೆ ಇವತ್ತು ಯಾರು ಕೇಳುತ್ತಿದ್ದರು?

ಹಾಡುಗಾರ ಯಾಕೆ ಇಷ್ಟು ಕಮ್ಮಿ ಹಾಡ್ತಾನೆ? ‘ಬ್ಲಾಕ್ ಮ್ಯಾಜಿಕ್ ವುಮನ್’ ಬೇರೆ ಥರ ಇದೆಯಲ್ಲ?

ಇಲ್ಲಿ ಹಾಡು ಇರುವುದೇ ಕಮ್ಮಿ, ಬಹುಪಾಲು ವಾದ್ಯಗಳದ್ದೇ. ಲಿಯಾನ್ ಥಾಮಸ್ ಜಾಸ್ ಗಾಯಕರು. ಗಂಟಲಿನಲ್ಲಿ ದನಿಯನ್ನು ಒಡೆದು ಯೋಡಲ್ ಮಾಡುವುದಕ್ಕೆ ಹೆಸರಾದವರು. ಸ್ಯಾಕ್ಸೊಫೋನ್ ವಾದಕ ಫೆರೋ ಸ್ಯಾಂಡರ್ಸ್ ಜೊತೆ ಅವರು ಹಾಡಿದ್ದು ಕೇಳಿದರೆ ಆ ಗಂಟಲಿನ ಬೆಲೆ ಗೊತ್ತಾಗುತ್ತದೆ. ಆದರೆ ‘ಬ್ಲಾಕ್ ಮ್ಯಾಜಿಕ್ ವುಮನ್’ಗೆ, ಆಬ್ರಾಕ್ಸಸ್‌ನಲ್ಲಿ ಅದನ್ನು ಹಾಡಿದ್ದ ರೋಲಿಯ ಆ ಒಣ, ಸ್ವಲ್ಪ ಸಿಡುಕಿನ ದನಿಯೇ ಸರಿ. ಥಾಮಸ್ ಹಾಡುವಾಗ ಅಂಗಿ ಅಳತೆಗೆ ಹೊಲಿಸಿದ್ದಲ್ಲ ಅನಿಸುತ್ತದೆ. ನಮ್ಮಲ್ಲಿ ಇಬ್ಬರು ಇದನ್ನು ಒಪ್ಪುವುದಿಲ್ಲ, ಇರಲಿ.

ಹಾಗೆ ನೋಡಿದರೆ ಈ ಹಾಡು ಸಂತಾನಾ ಬ್ಯಾಂಡಿನದೇ ಅಲ್ಲ. ಬರೆದದ್ದು ಬ್ರಿಟನ್ನಿನ ಪೀಟರ್ ಗ್ರೀನ್. ಅದರ ಬಾಲಕ್ಕೆ ಅಂಟಿರುವ ‘ಜಿಪ್ಸಿ ಕ್ವೀನ್’ ಹಂಗೇರಿಯ ಗಿಟಾರ್ ವಾದಕ ಗಾಬೋರ್ ಸಾಬೋ ಅವರದು. ‘ಓಯೆ ಕೋಮೋ ವಾ’ ನ್ಯೂಯಾರ್ಕಿನ ಲ್ಯಾಟಿನ್ ಸಂಗೀತಗಾರ ಟೀಟೋ ಪುಯೆಂತೆ ಅವರದು. ಮೂರು ಕಡೆಯ ಸಾಮಾನು ತಂದು ಒಂದೇ ಒಲೆಯ ಮೇಲೆ ಇಟ್ಟಿದ್ದಾರೆ.

ಕಾಂಗಾ, ಬಾಂಗೋ, ಟಿಂಬಾಲೆಸ್ ಎಲ್ಲ ಒಂದೇ ಥರ ಕೇಳ್ಸುತ್ತೆ. ಹೇಗೆ ಗುರುತಿಸೋದು?

ಕಾಂಗಾ ಸೊಂಟಮಟ್ಟದ ಉದ್ದನೆ ಡೋಲು. ಅಂಗೈಯಲ್ಲಿ ಬಡಿಯುವುದು, ದನಿ ತಗ್ಗು, ದುಂಡು. ನಮ್ಮ ಗಣೇಶನ ಆರ್ಕೆಸ್ಟ್ರಾದವರು ಇದನ್ನೇ ‘ತುಂಬಾ’ ಅನ್ನುತ್ತಾರೆ. ‘ತುಂಬಾ ಚೆನ್ನಾಗಿ ಬಾರಿಸ್ತಾನೆ’ ಅಂದರೆ ಎರಡು ಅರ್ಥ! ಬಾಂಗೋ ಮಂಡಿಗಳ ನಡುವೆ ಇಟ್ಟುಕೊಳ್ಳುವ ಪುಟ್ಟ ಜೋಡಿ, ಬೆರಳಲ್ಲಿ ನುಡಿಸುವುದು, ದನಿ ಚುರುಕು. ಟಿಂಬಾಲೆಸ್ ಲೋಹದ ಮೈಯ ಡೋಲು, ಕಡ್ಡಿಯಲ್ಲಿ ಬಾರಿಸುವುದು. ಚರ್ಮಕ್ಕೆ ಹೊಡೆದರೆ ‘ಟ್ಯಾಂಗ್’ ಅಂತ ಸಿಡಿಯುತ್ತದೆ, ಪಕ್ಕದ ಲೋಹಕ್ಕೆ ಹೊಡೆದರೆ ‘ಟಿಕ್ ಟಿಕ್’ ಅನ್ನುತ್ತದೆ.

ಅಭ್ಯಾಸಕ್ಕೆ ಒಂದು ದಾರಿ: ಒಂದು ಸಲ ಪೂರ್ತಿ ಕಾಂಗಾ ಮಾತ್ರ ಹಿಡಿದು ಕೇಳಿ, ಗಿಟಾರನ್ನು ಮರೆತುಬಿಡಿ. ಕಷ್ಟ, ಆದರೆ ಅದೊಂದು ಸಲ ಆಯಿತು ಅಂದರೆ ಆಮೇಲೆ ಕಿವಿ ತಾನೇ ಬೇರೆ ಮಾಡಿಕೊಳ್ಳುತ್ತದೆ.

ಜನ ಇದ್ದಾರೋ ಇಲ್ವೋ? ಕೂಗಾಟಾನೇ ಇಲ್ಲ.

ಇದ್ದಾರೆ. ನುಡಿಸುವಾಗ ಸುಮ್ಮನಿದ್ದು, ಮುಗಿದ ಮೇಲೆ ಚಪ್ಪಾಳೆ ಹೊಡೆಯುವ ಜನ. ಇದರಿಂದ ಒಂದು ಲಾಭ ಆಗಿದೆ. ತಗ್ಗಿದ ದನಿಯ ಜಾಗಗಳಲ್ಲಿ ಎಲೆಕ್ಟ್ರಿಕ್ ಪಿಯಾನೋದ ಒಂದೊಂದು ಹನಿಯೂ ಸ್ವಚ್ಛವಾಗಿ ಸಿಗುತ್ತದೆ. ಆ ಕಾಲಕ್ಕೆ ರಾಕ್ ಬ್ಯಾಂಡುಗಳಿಗೆ ಜಪಾನ್ ಒಳ್ಳೆ ರೆಕಾರ್ಡಿಂಗ್ ಜಾಗವಾಗಿತ್ತು. ಡೀಪ್ ಪರ್ಪಲ್ ತಮ್ಮ ಪ್ರಸಿದ್ಧ ಲೈವ್ ಆಲ್ಬಮ್ಮನ್ನು 1972ರ ಆಗಸ್ಟ್‌ನಲ್ಲಿ ಒಸಾಕಾ ಮತ್ತು ಟೋಕಿಯೋದಲ್ಲೇ ಮಾಡಿದ್ದು. ಮೈಲ್ಸ್ ಡೇವಿಸ್ 1975ರ ಫೆಬ್ರವರಿಯಲ್ಲಿ ಒಸಾಕಾದಲ್ಲಿ ನುಡಿಸಿದ್ದೂ ಆಲ್ಬಂ ಆಯಿತು. ಲೋಟಸ್‌ನಲ್ಲಿ ‘ಮಿಸ್ಟರ್ ಊದೋ’ ಅನ್ನುವ ಟ್ರ್ಯಾಕಿದೆಯಲ್ಲ, ಅದು ಇಂಥ ಬ್ಯಾಂಡುಗಳನ್ನು ಜಪಾನಿಗೆ ಕರೆಸುತ್ತಿದ್ದ ಸೆಯ್‌ಜಿರೋ ಊದೋ ಅವರ ಹೆಸರು. ಕಾರ್ಯಕ್ರಮ ಏರ್ಪಡಿಸಿದವರಿಗೆ ಶಾಲು ಹೊದಿಸುವ ಬದಲು ಟ್ರ್ಯಾಕ್ ಕೊಟ್ಟಿದ್ದಾರೆ ಅನ್ನಿ.

‘ಸಾಂಬಾ ಪಾ ತಿ’ ಸಾಂಬಾ ಥರಾನೇ ಇಲ್ಲವಲ್ಲ?

ಇಲ್ಲ. ಸಾಂಬಾ ಅಂದರೆ ಬ್ರೆಜಿಲ್ಲಿನ ಚುರುಕಾದ ಕುಣಿತದ ಲಯ. ಹೆಸರಿನ ಅರ್ಥ ‘ನಿನಗಾಗಿ ಒಂದು ಸಾಂಬಾ’ ಅಂತ, ಆದರೆ ಅದು ನಿಧಾನದ ಪ್ರೇಮಗೀತೆಯ ನಡೆ. ಮಾತೇ ಇಲ್ಲದ ಪ್ರೇಮಗೀತೆ. ಗಿಟಾರ್ ಬಾಯಿ ಬಿಟ್ಟು ಹಾಡುತ್ತದೆ. ಸಾಂಬಾ ಬೇಕಿದ್ದರೆ ಇದೇ ಆಲ್ಬಮ್ಮಿನ ‘ಸಾಂಬಾ ದೆ ಸಾಸಲೀಟೋ’ ಕೇಳಿ.

## ಕಿವಿ ಇಟ್ಟು ಕೂತವರಿಗೆ

‘ದೇವದೀಪ್’ ಅಂತ ಹೆಸರು ನೋಡಿದೆ. ಕಾರ್ಲೋಸ್ ಹಿಂದೂ ಆಗಿದ್ರಾ?

ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಬಂಗಾಳದ ಗುರು ಶ್ರೀ ಚಿನ್ಮೊಯ್ ಅವರ ಶಿಷ್ಯರಾಗಿದ್ದರು. ದೇವದೀಪ್ ಅನ್ನುವುದು ಗುರು ಕೊಟ್ಟ ಹೆಸರು. ಉದ್ದ ಕೂದಲು ಕತ್ತರಿಸಿ, ಬಿಳಿ ಬಟ್ಟೆ ತೊಟ್ಟು ವೇದಿಕೆ ಹತ್ತುತ್ತಿದ್ದ ಕಾಲ ಅದು. ಶುರುವಿನ ಮೌನ ಬಂದಿದ್ದೂ ಅಲ್ಲಿಂದಲೇ. ಅದೇ ಗುರುವಿನ ಇನ್ನೊಬ್ಬ ಶಿಷ್ಯ ಜಾನ್ ಮೆಕ್‌ಲಾಫ್ಲಿನ್, ‘ಮಹಾವಿಷ್ಣು’ ಅಂತ ಹೆಸರು. ಇಬ್ಬರೂ ಸೇರಿ 1973ರಲ್ಲೇ ಒಂದು ಆಲ್ಬಂ ಮಾಡಿದರು, ಕೋಲ್ಟ್ರೇನ್ ಸಂಗೀತದಿಂದ ಶುರುವಾಗುವಂಥದ್ದು. ಮುಂದೆ 1980ರ ದಶಕದ ಶುರುವಿನಲ್ಲಿ ಕಾರ್ಲೋಸ್ ಗುರುವಿನಿಂದ ದೂರ ಸರಿದರು.

ಹಾಗಾದ್ರೆ ಇದರಲ್ಲಿ ನಮ್ಮ ಸಂಗೀತ ಇದೆ ಅಂತ ಹೇಳಬಹುದಾ?

ಹೆಸರುಗಳಲ್ಲಿ ಇದೆ, ಸಂಗೀತದಲ್ಲಿ ಹುಡುಕಬೇಡಿ. ‘ಮಂತ್ರ’ ಅನ್ನುವ ಟ್ರ್ಯಾಕ್ ನೋಡಿ ನಮ್ಮ ಗೆಳೆಯರೊಬ್ಬರು ಕೈ ಮುಗಿದು ಕೂತರು, ಬಂದದ್ದು ವಾದ್ಯಗಳ ಭರಾಟೆ. ಮೆಕ್‌ಲಾಫ್ಲಿನ್ ವೀಣೆ ಕಲಿತು, ತಾಳದ ಲೆಕ್ಕ ಕಲಿತು ಮುಂದೆ ನಮ್ಮ ಸಂಗೀತಗಾರರ ಜೊತೆ ‘ಶಕ್ತಿ’ ಎಂಬ ತಂಡ ಕಟ್ಟಿದರು. ಕಾರ್ಲೋಸ್ ಆ ದಾರಿ ಹಿಡಿಯಲಿಲ್ಲ. ಅವರ ಬೇರು ಬ್ಲೂಸ್ ಮತ್ತು ಕ್ಯೂಬಾದ ತಾಳಗಳಲ್ಲೇ ಉಳಿಯಿತು. ಅದರಲ್ಲಿ ತಪ್ಪೇನೂ ಇಲ್ಲ. ಎಲ್ಲವನ್ನೂ ನಮ್ಮದು ಅಂತ ಬಾಚಿಕೊಳ್ಳುವ ಚಟ ನಮಗೆ ಯಾಕೆ ಬೇಕು ಅಲ್ವಾ?

‘ಕ್ಲಾವೆ’ ಅಂತ ಎಲ್ಲರೂ ಹೇಳ್ತಾರೆ, ಅದೇನು? ತಾಳದ ಥರಾನಾ?

ಹತ್ತಿರದ್ದು, ಆದರೆ ಒಂದೇ ಅಲ್ಲ. ಈಗಲೇ ಮಾಡಿ ನೋಡಿ. ಆದಿತಾಳದ ಎಂಟು ಎಣಿಕೆಯನ್ನು ಒಂದೊಂದಕ್ಕೆ ಎರಡರಂತೆ ಒಡೆದರೆ 16 ಆಗುತ್ತದೆ. 1ರಿಂದ 16ರವರೆಗೆ ಒಂದೇ ವೇಗದಲ್ಲಿ ಎಣಿಸುತ್ತಾ 1, 4, 7, 11, 13ಕ್ಕೆ ಮಾತ್ರ ಚಪ್ಪಾಳೆ ತಟ್ಟಿ. ಐದು ಪೆಟ್ಟು, ನಡುವಿನ ಅಂತರ 3, 3, 4, 2, 4. ಇದೇ ಕ್ಯೂಬಾದ ‘ಸೋನ್’ ಕ್ಲಾವೆ. ಮೊದಲ ಅರ್ಧದಲ್ಲಿ ಮೂರು ಪೆಟ್ಟು, ಎರಡನೆಯದರಲ್ಲಿ ಎರಡು. ಕೆಲವು ಹಾಡಿನಲ್ಲಿ ಎರಡರ ಅರ್ಧವೇ ಮೊದಲು ಬರುತ್ತದೆ.

ಫರಕು ಏನೆಂದರೆ, ತಾಳವನ್ನು ನಾವು ಕೈಯಲ್ಲಿ ಎಣಿಸುತ್ತೇವೆ, ಅದು ಲೆಕ್ಕದ ಚೌಕಟ್ಟು. ಕ್ಲಾವೆ ಸ್ವತಃ ಒಂದು ನಡೆ. ಬಾಸ್, ಪಿಯಾನೋ, ಕಾಂಗಾ ಎಲ್ಲವೂ ಅದರ ಏರು ತಗ್ಗಿಗೆ ಹೊಂದಿಕೊಂಡೇ ನುಡಿಯಬೇಕು. ಯಾರೂ ಅದನ್ನು ಬಾಯಿಬಿಟ್ಟು ನುಡಿಸದಿದ್ದರೂ ಎಲ್ಲರ ತಲೆಯಲ್ಲಿ ಅದು ಓಡುತ್ತಿರುತ್ತದೆ. ನಾನು ಮಸಾಲೆ ಅರೆಯುವ ಮಿಕ್ಸಿ ಪಕ್ಕ ನಿಂತು ಒಂದು ವಾರ ಈ ಚಪ್ಪಾಳೆ ಅಭ್ಯಾಸ ಮಾಡಿದೆ. ಮನೆಯವರಿಗೆ ಸಿಟ್ಟು ಬಂತು, ನನಗೆ ಕ್ಲಾವೆ ಬಂತು.

ಡ್ರಮ್ಮು, ಕಾಂಗಾ ಸೋಲೋಗಳನ್ನು ತನಿ ಆವರ್ತನದ ಥರ ಕೇಳಬಹುದಾ?

ಕೇಳಬಹುದು, ಒಂದು ನಿರೀಕ್ಷೆ ಬಿಟ್ಟು. ತನಿಯಲ್ಲಿ, ಅಂದರೆ ಕಛೇರಿಯ ನಡುವೆ ಮೃದಂಗದವರು ಒಂಟಿಯಾಗಿ ನುಡಿಸುವಾಗ, ನಾವು ಲೆಕ್ಕ ಹಿಡಿದು ಕೂರುತ್ತೇವೆ, ಮುಕ್ತಾಯದ ಕೋರ್ವೆ ಬಂದು ಸಮಕ್ಕೆ ಬಿದ್ದಾಗ ತಲೆ ಆಡಿಸುತ್ತೇವೆ. ‘ಕಿಯೋಟೋ’ ಅನ್ನುವ ಶ್ರೀವ್ ಅವರ ಡ್ರಮ್ ಸೋಲೋದಲ್ಲಿ ಹಾಗೆ ಲೆಕ್ಕ ತೀರುವ ಜಾಗ ಬರುವುದಿಲ್ಲ. ಅಲ್ಲಿ ದನಿಯ ಬಣ್ಣ, ಏರುವ ಬಿಸಿ ಮುಖ್ಯ. ನಿಜ ಹೇಳಬೇಕೆಂದರೆ ಇಡೀ ಆಲ್ಬಮ್ಮಿನಲ್ಲಿ ನಾನು ಎದ್ದು ಕಾಫಿ ಬೆರೆಸಲು ಹೋಗುವ ಜಾಗ ಇದೊಂದೇ. ಪೆರಾಸಾ ಅವರ ಕೈಯಲ್ಲಿ ಮಾತ್ರ ಮೃದಂಗದವರೂ ಮೆಚ್ಚುವ ಒಂದು ಗುಣ ಇದೆ: ಪೆಟ್ಟುಗಳ ನಡುವೆ ಜಾಗ ಬಿಡುತ್ತಾರೆ, ಆ ಖಾಲಿಯೂ ಲಯದಲ್ಲೇ ಇರುತ್ತದೆ.

‘ಇನ್ಸಿಡೆಂಟ್ ಅಟ್ ನೆಶಾಬುರ್’ ಯಾಕೆ ಇಷ್ಟು ದೊಡ್ಡದು? ಆಬ್ರಾಕ್ಸಸ್‌ನಲ್ಲಿ ಚಿಕ್ಕದಿತ್ತಲ್ಲ?

ಅಲ್ಲಿ ಐದು ನಿಮಿಷದ ಹತ್ತಿರ, ಇಲ್ಲಿ ಅದರ ಮೂರು ಪಟ್ಟು. ಬರೆದದ್ದು ಪಿಯಾನೋ ವಾದಕ ಆಲ್ಬರ್ಟೋ ಜಿಯಾನ್‌ಕ್ವಿಂಟೋ ಮತ್ತು ಕಾರ್ಲೋಸ್. ಹಾಡಿಗೆ ಎರಡು ಮುಖ. ಮೊದಲರ್ಧ ಓಟ, ನಡೆ ಬದಲಾಗುತ್ತಾ ಹೋಗುತ್ತದೆ, ಎಲ್ಲರೂ ಒಟ್ಟಿಗೆ ಕಡಿದು ಕಡಿದು ನುಡಿಸುತ್ತಾರೆ. ಆಮೇಲೆ ಇದ್ದಕ್ಕಿದ್ದಂತೆ ನೆಲ ಸಮತಟ್ಟಾಗುತ್ತದೆ. ಎರಡೇ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ, ಹಿಂದೆ ಮುಂದೆ ತೂಗುತ್ತಿರುತ್ತವೆ.

ಸ್ಟುಡಿಯೋದಲ್ಲಿ ಆ ಎರಡನೇ ಭಾಗ ಬಂದಷ್ಟೇ ಬೇಗ ಮುಗಿಯುತ್ತದೆ. ಒಸಾಕಾದಲ್ಲಿ ಕಾರ್ಲೋಸ್ ಅಲ್ಲಿ ಮನೆ ಮಾಡಿಬಿಟ್ಟಿದ್ದಾರೆ. ದನಿ ಇಳಿಸಿ ಇಳಿಸಿ ಬ್ಯಾಂಡು ಬಹುತೇಕ ಪಿಸುಮಾತಿಗೆ ಬರುತ್ತದೆ. ಗಿಟಾರ್ ಒಂದು ಸ್ವರ ಹಿಡಿದು ನಿಲ್ಲುತ್ತದೆ, ಬಿಡುತ್ತದೆ, ಮತ್ತೆ ಅದೇ ಸ್ವರಕ್ಕೆ ಬೇರೆ ದಾರಿಯಲ್ಲಿ ಬರುತ್ತದೆ. ಆಲಾಪನೆ ಕೇಳಿ ಬೆಳೆದವರಿಗೆ ಈ ಜಾಗ ಯಾರೂ ವಿವರಿಸಬೇಕಿಲ್ಲ. ನಮ್ಮ ಕೂಟದಲ್ಲಿ ಪಾಶ್ಚಾತ್ಯ ಸಂಗೀತ ಅಂದರೆ ಮೂಗು ಮುರಿಯುವ ಚಿಕ್ಕಪ್ಪ ಒಬ್ಬರಿದ್ದಾರೆ. ಇದು ಬಂದಾಗ ಕಣ್ಣು ಮುಚ್ಚಿ, ಕೊನೆಗೆ ‘ಇವನು ಸ್ವರ ಬಿಡೋದ್ರಲ್ಲೂ ಜಿಪುಣ’ ಅಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ಆ ಸ್ವರ ಅಷ್ಟು ಹೊತ್ತು ಹೇಗೆ ನಿಲ್ಲುತ್ತೆ? ಕೀಬೋರ್ಡಾ?

ಗಿಟಾರೇ. ಆಂಪ್ಲಿಫೈಯರ್ ದನಿ ಹೆಚ್ಚಿದಾಗ ಸ್ಪೀಕರಿನ ಶಬ್ದವೇ ಬಂದು ತಂತಿಯನ್ನು ಮತ್ತೆ ಅಲುಗಿಸುತ್ತದೆ. ತಂತಿ ಸಾಯುವ ಬದಲು ಮಿಡಿಯುತ್ತಲೇ ಇರುತ್ತದೆ. ಮೈಕ್ ಸ್ಪೀಕರಿನ ಹತ್ತಿರ ಹೋದಾಗ ‘ಕೂಂಯ್’ ಅನ್ನುತ್ತಲ್ಲ, ಅದೇ ಕಥೆ, ಆದರೆ ಪಳಗಿಸಿದ್ದು. ವೇದಿಕೆಯ ಮೇಲೆ ಎಲ್ಲಿ ನಿಂತರೆ ಯಾವ ಸ್ವರ ಹೀಗೆ ಹಿಡಿಯುತ್ತದೆ ಅಂತ ಕಾರ್ಲೋಸ್ ಕಛೇರಿಗೆ ಮೊದಲೇ ಓಡಾಡಿ ಹುಡುಕಿ ನೆಲಕ್ಕೆ ಗುರುತು ಹಾಕಿಕೊಳ್ಳುತ್ತಿದ್ದರು.

ಹಾಡಿನ ಹೆಸರಲ್ಲಿ ರಾಜಕೀಯ ಏನಾದ್ರೂ ಇದೆಯಾ?

ಇದೆ. ‘ಫ್ರೀ ಆ್ಯಂಜೆಲಾ’ ಅಂದರೆ ಆ್ಯಂಜೆಲಾ ಡೇವಿಸ್, ಅಮೆರಿಕದ ಕಪ್ಪು ಜನರ ಹೋರಾಟಗಾರ್ತಿ. 1970ರಲ್ಲಿ ಬಂಧಿಸಿದ್ದರು, 1972ರಲ್ಲಿ ನಿರ್ದೋಷಿ ಅಂತ ತೀರ್ಪು ಬಂತು. ‘ಟೂಸಾಂ ಲೂವೆರ್ತೂರ್’ ಹೈಟಿಯ ಗುಲಾಮರ ಬಂಡಾಯದ ನಾಯಕ, 1803ರಲ್ಲಿ ಫ್ರಾನ್ಸಿನ ಸೆರೆಯಲ್ಲಿ ಸತ್ತವರು. ಕೊನೆಗೆ ಬರುವುದು ಅವರ ಹೆಸರಿನ ಹಾಡೇ.

ಯಾವ ಆವೃತ್ತಿ ತಗೊಳ್ಳಲಿ?

ಅಮೆರಿಕದಲ್ಲಿ ಇದು ಬಂದಿದ್ದು 1991ರಲ್ಲಿ, ಎರಡು ಸಿಡಿಗಳಾಗಿ. ಸುಮ್ನೆ ಕೇಳೋಕೆ ಅದು ಸಾಕು. 2017ರಲ್ಲಿ ಜಪಾನಿನಲ್ಲಿ ಮೂರು ಎಸ್‌ಎಸಿಡಿಗಳ (ಹೆಚ್ಚು ಗುಣಮಟ್ಟದ ಸಿಡಿ) ಪೂರ್ಣ ಆವೃತ್ತಿ ಬಂತು, ಹಿಂದೆ ಬಿಟ್ಟಿದ್ದ 7 ಟ್ರ್ಯಾಕ್ ಸೇರಿಸಿ, ನಾಲ್ಕು ಸ್ಪೀಕರುಗಳ ಕ್ವಾಡ್ರಾಫೋನಿಕ್ ಧ್ವನಿಯ ಜೊತೆ. ದುಬಾರಿ. ಹಳೆಯ ಎಲ್‌ಪಿ ಸೆಟ್ ಸಿಕ್ಕರೆ ಅಂಗಡಿಯಲ್ಲೇ ಮೂರೂ ತಟ್ಟೆ ಎಣಿಸಿ. ನಾನು ಎಣಿಸದೆ ತಂದು, ಮನೆಯಲ್ಲಿ ಬಿಚ್ಚಿದಾಗ ಎರಡೇ ಇದ್ದವು.

ಕಾರ್ಲೋಸ್ ಬೆಂಗಳೂರಿಗೆ ಬಂದಿದ್ದರಂತಲ್ಲ, ಇದನ್ನೇ ನುಡಿಸಿದ್ರಾ?

2012ರ ಅಕ್ಟೋಬರಿನಲ್ಲಿ ಬಂದಿದ್ದರು. ಲೋಟಸ್ ಬ್ಯಾಂಡಿನವರಲ್ಲಿ ಆಗ ಉಳಿದಿದ್ದವರು ಕಾರ್ಲೋಸ್ ಒಬ್ಬರೇ. ಒಸಾಕಾದ ತಂಡ ಬಹಳ ಕಾಲ ಒಟ್ಟಿಗೆ ಇರಲಿಲ್ಲ, ಅದನ್ನು ಕೇಳಬೇಕೆಂದರೆ ಈ ರೆಕಾರ್ಡೇ ಗತಿ.

ಕವರ್ ಬಿಚ್ಚಿಬಿಟ್ಟೆ. ಮಡಚೋದು ಹೇಗೆ?

ಇದನ್ನು ಕೇಳಿದವರು ಮೂವರು! ಕವರ್ ಮಾಡಿದ್ದು ತದಾನೊರಿ ಯೊಕೋ, ಜಪಾನಿನ ದೊಡ್ಡ ಪೋಸ್ಟರ್ ಕಲಾವಿದ. 22 ಮುಖಗಳ ಮಡಿಕೆ ಅದು. ನಮ್ಮ ಗೆಳೆಯರೊಬ್ಬರು ಜಪಾನಿನ ಸೆಟ್ ತಂದಾಗ ಚಾಪೆಯ ಮೇಲೆ ಹರಡಿದೆವು. ಚಾಪೆ ಸಾಲದೆ ಸೋಫಾ ಸರಿಸಬೇಕಾಯಿತು. ಬಿಚ್ಚುವ ಮೊದಲು ಪ್ರತಿ ಮಡಿಕೆಯ ಫೋಟೋ ತೆಗೆದುಕೊಳ್ಳಿ. ತೆಗೆದಿಲ್ಲ ಅಂದರೆ ಹಳೆಯ ಗೆರೆ ಯಾವ ಕಡೆ ಉಬ್ಬಿದೆ ನೋಡಿ, ಅದರ ಎದುರು ಕಡೆಗೆ ಮಡಚಿ. ಮೂಲೆಗಳಿಂದ ಶುರು ಮಾಡಿ, ನಡುವಿನದು ಕೊನೆಗೆ. ಫ್ಯಾನ್ ಆಫ್ ಮಾಡಿ.